‘ಫೋಟೊ ಯಾಕಮ್ಮ ಹಾಕಿದ್ದೆ?’ ಎಂದು ಮೊದಲು ಕೇಳಬೇಡಿ

ರಾಜ್ಯದ ಎಲ್ಲ ಪೊಲೀಸ್ ಠಾಣೆಗಳ ಇನ್‌ಸ್ಪೆಕ್ಟರ್, ಸಬ್ ಇನ್‌ಸ್ಪೆಕ್ಟರ್, ಸ್ಟೇಷನ್ ರೈಟರ್ ಮತ್ತು ಠಾಣೆಯ ಬಾಗಿಲಲ್ಲಿ ಮೊದಲು ಸಿಗುವ ಪ್ರತಿಯೊಬ್ಬ ಸಿಬ್ಬಂದಿಗೆ,

ನಮಸ್ಕಾರ.

ನಾನು ತಾಲ್ಲೂಕು ಕೇಂದ್ರವೊಂದರ ಪಿಯು ಕಾಲೇಜಿನಲ್ಲಿ 19 ವರ್ಷದಿಂದ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ. ಕಳೆದ ಐದಾರು ವರ್ಷಗಳಲ್ಲಿ ಪಾಠದ ಜೊತೆಗೆ ಇನ್ನೊಂದು ಕೆಲಸವೂ ಸೇರಿಕೊಂಡಿದೆ. ಕ್ಲಾಸ್ ಮುಗಿದ ಮೇಲೆ ಯಾರಾದರೂ ಒಬ್ಬರು ಸ್ಟಾಫ್ ರೂಮಿನ ಬಾಗಿಲ ಹತ್ತಿರ ಬಂದು ನಿಲ್ಲುತ್ತಾರೆ. ‘ಮಿಸ್, ಒಂದು ನಿಮಿಷ’ ಅನ್ನುತ್ತಾರೆ. ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟು, ತಾವು ಕಿಟಕಿಯ ಕಡೆ ತಿರುಗಿಕೊಳ್ಳುತ್ತಾರೆ. ಆ ಮೊಬೈಲಿನಲ್ಲಿ ಏನಿರುತ್ತದೆ ಎಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ. ನಿಮ್ಮ ಮೇಜಿನ ಮೇಲೂ ಅದು ಬಂದಿರುತ್ತದೆ.

ಇಂಥ ಮೂವರು ಮಕ್ಕಳ ಜೊತೆ ನಾನು ಠಾಣೆಯ ಮೆಟ್ಟಿಲು ಹತ್ತಿದ್ದೇನೆ. ಅದರಲ್ಲಿ ಒಂದು ಸಲ ಏನಾಯಿತು ಎಂದು ಹೇಳುತ್ತೇನೆ. ಊರು, ಠಾಣೆ, ಹೆಸರು ಯಾವುದನ್ನೂ ಹೇಳುವುದಿಲ್ಲ. ಹುಡುಗಿಯ ಗುರುತು ಸಿಗದ ಹಾಗೆ ಸಣ್ಣಪುಟ್ಟ ವಿವರ ಬದಲಿಸಿದ್ದೇನೆ. ಯಾರ ಮೇಲೂ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ನಿಮ್ಮಿಂದ ಒಂದೇ ಒಂದು ಬದಲಾವಣೆ ಕೇಳಲು ಬರೆಯುತ್ತಿದ್ದೇನೆ.

ಅವಳಿಗೆ 17 ವರ್ಷ. ಅಪ್ಪನದು ಹಿಟ್ಟಿನ ಗಿರಣಿ. ಅಕ್ಕನ ಮದುವೆಯಲ್ಲಿ ಸೀರೆ ಉಟ್ಟು ತೆಗೆಸಿಕೊಂಡ ಫೋಟೊವನ್ನು ವಾಟ್ಸ್‌ಆ್ಯಪ್ ಡಿಪಿಗೆ ಹಾಕಿಕೊಂಡಿದ್ದಳು, ಅಷ್ಟೇ. ಯಾರೋ ಅದನ್ನು ಎತ್ತಿಕೊಂಡು ಅವಳ ಹೆಸರಿನಲ್ಲೇ ಇನ್‌ಸ್ಟಾಗ್ರಾಂ ಖಾತೆ ತೆರೆದರು. ಫೋಟೊ ಕೆಳಗೆ ಅವಳ ನಂಬರ್ ಹಾಕಿ, ಜೊತೆಗೆ ಒಂದು ರೇಟನ್ನೂ ಬರೆದರು. ಮೊದಲ ರಾತ್ರಿ ನಲವತ್ತಕ್ಕಿಂತ ಜಾಸ್ತಿ ಕರೆ ಬಂದವು. ಶಬ್ದ ಮನೆಯವರಿಗೆ ಕೇಳಿಸಬಾರದು ಎಂದು ಅವಳು ಫೋನನ್ನು ಅಕ್ಕಿ ಡಬ್ಬದೊಳಗೆ ಹೂತು ಮುಚ್ಚಳ ಹಾಕಿದ್ದಳಂತೆ. ಸ್ವಿಚ್ ಆಫ್ ಮಾಡಬಹುದು ಅನ್ನುವುದೂ ಅವಳಿಗೆ ಹೊಳೆದಿರಲಿಲ್ಲ. ಭಯ ಅಂದರೆ ಹಾಗಿರುತ್ತದೆ.

ನಾಲ್ಕು ದಿನ ಅವಳು ಕಾಲೇಜಿಗೆ ಬರಲಿಲ್ಲ. ಅಷ್ಟರಲ್ಲಿ ಸಂಬಂಧಿಕರ ಹುಡುಗನೊಬ್ಬ ಆ ಖಾತೆ ನೋಡಿ ಮನೆಗೆ ಸುದ್ದಿ ಮುಟ್ಟಿಸಿದ್ದ. ಅಪ್ಪ ಸಿಟ್ಟಿನಲ್ಲಿ ಸಿಮ್ ಮುರಿದುಹಾಕಲು ಹೋದರು. ಚಿಕ್ಕಮ್ಮ ಕೈಯಿಂದ ಕಸಿದುಕೊಂಡರು. ‘ಕಳ್ಳ ಬಂದು ಹೋದ ಮೇಲೆ ಹೆಜ್ಜೆ ಗುರುತು ಅಳಿಸ್ತೀರಾ ಭಾವ?’ ಎಂದು ಕೇಳಿದರಂತೆ. ಆಕೆ ಓದಿರುವುದು ಏಳನೇ ಕ್ಲಾಸು. ಅಂದಿನಿಂದ ಫೋನ್ ಚಿಕ್ಕಮ್ಮನ ಹತ್ತಿರ ಇತ್ತು. ಬರುವ ಪ್ರತಿ ಕರೆಯ ನಂಬರ್ ಮತ್ತು ಹೊತ್ತನ್ನು ಅವರು ಹಳೆಯ ನೋಟ್‌ಬುಕ್ಕಿನಲ್ಲಿ ಬರೆದಿಟ್ಟರು. ಆರು ಪುಟ ತುಂಬಿತ್ತು.

ಐದನೇ ದಿನ ಅಪ್ಪ, ಮಗಳು ಮತ್ತು ನಾನು ಠಾಣೆಗೆ ಹೋದೆವು. ಅಲ್ಲಿದ್ದವರು ಕೆಟ್ಟವರಲ್ಲ. ಕುರ್ಚಿ ಕೊಟ್ಟರು. ಅಂದು ಜಾತ್ರೆಯ ಬಂದೋಬಸ್ತ್ ಇತ್ತು, ಬಂದೋಬಸ್ತಿಗೆ ಹೋದವರನ್ನು ಬಿಟ್ಟರೆ ಠಾಣೆಯಲ್ಲಿ ಉಳಿದವರು ಇಬ್ಬರೇ. ಇಬ್ಬರಿಗೂ ನಿದ್ದೆಯಿಲ್ಲದ ಕಣ್ಣು. ಇಷ್ಟೆಲ್ಲ ನನಗೆ ಕಾಣಿಸುತ್ತಿತ್ತು. ಆದರೂ ಅವರು ಕೇಳಿದ ಮೊದಲ ಪ್ರಶ್ನೆ ಇದು: ‘ಫೋಟೊ ಯಾಕಮ್ಮ ಹಾಕಿದ್ದೆ?’

ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದರು.

ಆಮೇಲೆ ಉಳಿದವು ಬಂದವು. ‘ಯಾರ ಜೊತೆಗಾದ್ರೂ ಓಡಾಡ್ತಿದ್ಯಾ?’ ‘ಎಲ್ಲಾ ಡಿಲೀಟ್ ಮಾಡಿ, ಸಿಮ್ ಬದಲಾಯಿಸಿ, ಸುಮ್ನಿರಿ.’ ‘ಮದುವೆ ಆಗಬೇಕಾದ ಹುಡುಗಿ, ಕೋರ್ಟು ಕಚೇರಿ ಯಾಕೆ?’ ಕೊನೆಗೆ, ‘ಇದು ನಮ್ಮಲ್ಲಿ ಬರಲ್ಲ, ಜಿಲ್ಲೆಯ ಸೆನ್ ಠಾಣೆಗೆ ಹೋಗಿ.’ ಸೈಬರ್ ಅಪರಾಧಗಳನ್ನು ನೋಡುವ ಠಾಣೆ ಅದು. ದೂರು ತೆಗೆದುಕೊಳ್ಳಲಿಲ್ಲ. ಹಿಂಬರಹವನ್ನೂ ಕೊಡಲಿಲ್ಲ. ಹೊರಗೆ ಬಂದ ಮೇಲೆ ಅವಳು ನನಗೆ ಹೇಳಿದ್ದು ಒಂದೇ ಮಾತು: ‘ಮಿಸ್, ಅಪ್ಪ ಹೇಳಿದ್ದನ್ನೇ ಪೊಲೀಸರೂ ಹೇಳಿದ್ರಲ್ಲ.’

ಮನೆಯಲ್ಲಿ ಅಂದ ಮಾತು ಬೈಗುಳದ ಹಾಗೆ ಕೇಳಿಸುತ್ತದೆ. ಅದೇ ಮಾತು ಖಾಕಿ ತೊಟ್ಟವರ ಬಾಯಿಂದ ಬಂದರೆ ತೀರ್ಪಿನ ಹಾಗೆ ಕೇಳಿಸುತ್ತದೆ. ನಿಮಗೆ ಅದು ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ. ಆ ಮಗು ಮಾತ್ರ ಅದನ್ನು ಜೀವಮಾನದಲ್ಲಿ ಮರೆಯುವುದಿಲ್ಲ.

‘ಫೋಟೊ ಯಾಕೆ ಹಾಕಿದ್ದೆ’ ಅನ್ನುವುದರ ಒಳಗೆ ಒಂದು ನಂಬಿಕೆ ಇದೆ. ಹಾಕದಿದ್ದರೆ ಏನೂ ಆಗುತ್ತಿರಲಿಲ್ಲ ಅನ್ನುವ ನಂಬಿಕೆ. 2025ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಏನಾಯಿತು ಎಂದು ನೆನಪಿಸಿಕೊಳ್ಳಿ. ನಮ್ಮ ಮೆಟ್ರೊದಲ್ಲಿ ಓಡಾಡುವ ಹೆಂಗಸರನ್ನು ಅವರಿಗೇ ಗೊತ್ತಾಗದ ಹಾಗೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂ ಖಾತೆಯೊಂದರಲ್ಲಿ ಹಾಕಲಾಗುತ್ತಿತ್ತು. ಪೊಲೀಸರು ಪ್ರಕರಣ ದಾಖಲಿಸಿ ಒಬ್ಬನನ್ನು ಹಿಡಿದರು. ಅದಾಗಿ ಎರಡು ತಿಂಗಳಿಗೆ ಚರ್ಚ್ ಸ್ಟ್ರೀಟ್ ಕಡೆಯ ವಿಡಿಯೊಗಳ ಸುದ್ದಿ ಬಂತು. ತಾನು ಸುಮ್ನೆ ನಡೆದು ಹೋಗುತ್ತಿದ್ದ ದೃಶ್ಯವನ್ನು ಅಪರಿಚಿತನೊಬ್ಬ ಹಾಕಿದ್ದಾನೆ, ಅದನ್ನು ನೋಡಿದವರು ತನಗೆ ಹೊಲಸು ಮೆಸೇಜ್ ಕಳಿಸುತ್ತಿದ್ದಾರೆ ಎಂದು ಯುವತಿಯೊಬ್ಬರು ಬಹಿರಂಗವಾಗಿ ಹೇಳಿದರು. ಆಗಲೂ ಬಂಧನವಾಯಿತು. ಈ ಹೆಂಗಸರು ಯಾವ ಫೋಟೊ ಹಾಕಿದ್ದರು? ಕೆಲಸಕ್ಕೆ ಹೋಗಲು ರೈಲು ಹತ್ತಿದ್ದರು, ರಸ್ತೆಯಲ್ಲಿ ನಡೆದಿದ್ದರು. ಅಷ್ಟು ಸಾಕಾಯಿತು.

ಇನ್ನು ‘ಡಿಲೀಟ್ ಮಾಡಿ ಸುಮ್ನಿರಿ’ ಅನ್ನುವ ಸಲಹೆ. ಕಾಳಜಿಯಿಂದಲೇ ಹೇಳುತ್ತೀರಿ, ಒಪ್ಪುತ್ತೇನೆ. ಆದರೆ ಅದು ಸಾಕ್ಷಿ ನಾಶ ಮಾಡಿ ಎಂದು ಹೇಳಿದ ಹಾಗೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ತೆಗೆದುಹಾಕಿದ ವಿಷಯವನ್ನು ಮತ್ತು ಮುಚ್ಚಿದ ಖಾತೆಯ ನೋಂದಣಿ ವಿವರವನ್ನು ಕಂಪನಿಗಳು 180 ದಿನ ಇಟ್ಟುಕೊಳ್ಳಬೇಕು. ತನಿಖೆಗೆ ಬೇಕೆಂದು ಅಧಿಕೃತವಾಗಿ ಕೇಳಿದರೆ 72 ಗಂಟೆಯೊಳಗೆ ಮಾಹಿತಿ ಕೊಡಬೇಕು. ಅಂದರೆ ಖಾತೆ ಮುಚ್ಚಿದ ದಿನವೇ ಗಡಿಯಾರ ಓಡಲು ಶುರುವಾಗಿರುತ್ತದೆ. ‘ನೋಡೋಣ, ಮುಂದಿನ ವಾರ ಬನ್ನಿ’ ಎಂದಾಗಲೆಲ್ಲ ಆ 180ರಲ್ಲಿ ಏಳು ದಿನ ಹೋಗುತ್ತದೆ. ಯಾವ ಖಾತೆ ಎಂದು ತೋರಿಸುವ ಕೊಂಡಿಯೇ ಅವಳ ಹತ್ತಿರ ಉಳಿಯದಿದ್ದರೆ ನೀವು ಕೇಳುವುದಾದರೂ ಏನನ್ನು?

‘ಇದು ನಮ್ಮಲ್ಲಿ ಬರಲ್ಲ’ ಅನ್ನುವುದರ ಹಿಂದೆ ಒಂದು ಕಾರಣ ಇದೆ ಎಂದು ನನಗೆ ಗೊತ್ತು. ಮಾಹಿತಿ ತಂತ್ರಜ್ಞಾನ ಕಾಯ್ದೆಯ ಅಪರಾಧಗಳನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ತನಿಖೆ ಮಾಡುವಂತಿಲ್ಲ. ಆದರೆ ತನಿಖೆ ಬೇರೆ, ದೂರು ದಾಖಲಿಸುವುದು ಬೇರೆ ಅಲ್ವಾ? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ಅಪರಾಧ ಎಲ್ಲೇ ನಡೆದಿರಲಿ, ಪೊಲೀಸರು ತಾವಾಗಿ ಕ್ರಮ ಕೈಗೊಳ್ಳಬಹುದಾದ ಅಪರಾಧವಾದರೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಫೋನ್ ಅಥವಾ ಇಮೇಲ್ ಮೂಲಕ ಮಾಹಿತಿ ಕೊಟ್ಟು ಮೂರು ದಿನದೊಳಗೆ ಬಂದು ಸಹಿ ಹಾಕಬಹುದು. ಪ್ರತಿಯನ್ನು ಉಚಿತವಾಗಿ ಕೊಡಬೇಕು. ದಾಖಲಿಸಲು ಒಪ್ಪದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ದೂರು ಕಳಿಸಬಹುದು. ಇದನ್ನು ನಿಮಗೆ ಪಾಠ ಮಾಡಲು ಬರೆಯುತ್ತಿಲ್ಲ. ಈ ಪತ್ರವನ್ನು ಯಾವುದೋ ಅಪ್ಪ, ಯಾವುದೋ ಅಮ್ಮ ಓದುತ್ತಿರಬಹುದು, ಅವರಿಗೂ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ. ನಮ್ಮೂರಿಂದ ಜಿಲ್ಲಾ ಕೇಂದ್ರ 60 ಕಿಲೋಮೀಟರ್ ದೂರ. ಆ ಅಪ್ಪ ಗಿರಣಿಗೆ ಬೀಗ ಹಾಕಿ ಒಂದಿಡೀ ದಿನ ಕಳೆದುಕೊಳ್ಳಬೇಕು. ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ.

ಇನ್ನೊಂದು ಮಾತನ್ನೂ ಠಾಣೆಯಲ್ಲಿ ಕೇಳಿದ್ದೇನೆ: ‘ಆ ಕಲಂ ಕೋರ್ಟೇ ತೆಗೆದುಹಾಕಿದೆ, ಈಗ ಕಾನೂನಿಲ್ಲ.’ ಕೋರ್ಟು ತೆಗೆದದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿ ಆಕ್ಷೇಪಾರ್ಹ ಸಂದೇಶಕ್ಕೆ ಶಿಕ್ಷೆ ಹೇಳಿದ್ದ 66ಎ ಒಂದನ್ನು, 2015ರ ಮಾರ್ಚ್‌ನಲ್ಲಿ. ಅದು ಹೋದದ್ದು ಒಳ್ಳೆಯದೇ ಆಯಿತು. ಸರ್ಕಾರವನ್ನು ಟೀಕಿಸಿದವರನ್ನೂ ಅದರಲ್ಲಿ ಎಳೆದು ತರಬಹುದಿತ್ತು. ಆದರೆ ಬೇರೆಯವರ ಗುರುತನ್ನು ಕದಿಯುವುದಕ್ಕೆ 66ಸಿ ಇದೆ. ಖಾಸಗಿ ಅಂಗಗಳ ಚಿತ್ರ ತೆಗೆದು ಹಂಚುವುದಕ್ಕೆ 66ಇ ಇದೆ. ಅಶ್ಲೀಲ ವಿಷಯ ಹಾಕುವುದಕ್ಕೆ 67 ಇದೆ. ಭಾರತೀಯ ನ್ಯಾಯ ಸಂಹಿತೆಯಲ್ಲಿ ಹೆಣ್ಣನ್ನು ಬೆನ್ನಟ್ಟುವುದಕ್ಕೆ 78ನೇ ಕಲಂ ಇದೆ, ಅದು ಫೋನು, ಇಂಟರ್ನೆಟ್ ಮೂಲಕ ಬೆನ್ನಟ್ಟುವುದನ್ನೂ ಸೇರಿಸಿಕೊಂಡಿದೆ. ಹೆಸರು ಮರೆಸಿಕೊಂಡು ಬೆದರಿಸಿದರೆ 351ನೇ ಕಲಂನಲ್ಲಿ ಹೆಚ್ಚಿನ ಶಿಕ್ಷೆ ಇದೆ. ಕಾನೂನಿಗೆ ಕೊರತೆಯಿಲ್ಲ.

ಸಾಮರ್ಥ್ಯಕ್ಕೂ ಕೊರತೆಯಿಲ್ಲ. 2001ರಲ್ಲೇ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಠಾಣೆ ತೆರೆದ ರಾಜ್ಯ ನಮ್ಮದು, ದೇಶದಲ್ಲಿ ಅದೇ ಮೊದಲನೆಯದು. 2025ರ ಜುಲೈ ಕೊನೆಯಲ್ಲಿ ನಟಿ, ಮಾಜಿ ಸಂಸದೆ ರಮ್ಯಾ ಅವರು ತಮಗೆ ಬಂದ ಅಶ್ಲೀಲ ಸಂದೇಶಗಳ ಬಗ್ಗೆ 43 ಖಾತೆಗಳ ಪಟ್ಟಿ ಸಮೇತ ಬೆಂಗಳೂರು ಪೊಲೀಸ್ ಕಮಿಷನರ್‌ಗೆ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಬಂಧನಗಳಾದವು. ಅದನ್ನು ಟಿವಿಯಲ್ಲಿ ನೋಡಿ ನಮ್ಮ ಕಾಲೇಜಿನ ಹುಡುಗಿಯರು ಖುಷಿಪಟ್ಟರು. ನಾನೂ ಖುಷಿಪಟ್ಟೆ. ಮನಸ್ಸು ಮಾಡಿದರೆ ಸುಳ್ಳು ಹೆಸರಿನ ಖಾತೆಯ ಹಿಂದಿನ ಮನುಷ್ಯನನ್ನು ಹಿಡಿಯಬಹುದು ಎಂದು ಅಂದು ಎಲ್ಲರಿಗೂ ಗೊತ್ತಾಯಿತು. ಗಿರಣಿಯವರ ಮಗಳಿಗೂ ಅದೇ ಕಾನೂನು, ಅದೇ ಪೊಲೀಸ್ ಅಲ್ವಾ?

ಮುಂದೇನಾಯಿತು ಎಂದು ಹೇಳಬೇಕು. ಎರಡು ದಿನ ಬಿಟ್ಟು ನಾವು ಸೆನ್ ಠಾಣೆಗೆ ಹೋದೆವು. ಅಲ್ಲಿನ ಅಧಿಕಾರಿ ಮೊದಲು ಕೇಳಿದ್ದು, ‘ಊರಿಂದ ಎಷ್ಟು ಹೊತ್ತಿಗೆ ಹೊರಟ್ರಿ? ತಿಂಡಿ ಆಯ್ತಾ?’ ಆಮೇಲೆ ಹುಡುಗಿಯ ಕಡೆ ತಿರುಗಿ, ‘ಇದರಲ್ಲಿ ನಿನ್ನ ತಪ್ಪು ಏನೂ ಇಲ್ಲಮ್ಮ. ಬಂದಿದ್ದು ಒಳ್ಳೇದಾಯ್ತು’ ಅಂದರು. ಅಪ್ಪನನ್ನು ಟೀ ಕುಡಿದು ಬನ್ನಿ ಎಂದು ಹೊರಗೆ ಕಳಿಸಿದರು. ಮಹಿಳಾ ಸಿಬ್ಬಂದಿಯೊಬ್ಬರನ್ನು ಪಕ್ಕದಲ್ಲಿ ಕೂರಿಸಿದರು. ಹುಡುಗಿ ಮುಕ್ಕಾಲು ಗಂಟೆ ಮಾತಾಡಿದಳು. ನನಗೂ ಹೇಳಿರದ ವಿಷಯವೊಂದು ಆಗ ಹೊರಗೆ ಬಂತು. ಎರಡು ತಿಂಗಳ ಹಿಂದೆ ಒಬ್ಬ ಅವಳಿಗೆ ಮೆಸೇಜ್ ಮಾಡುತ್ತಿದ್ದ. ಇವಳು ಬೇಡ ಎಂದಿದ್ದಳು. ‘ನೋಡ್ಕೋತೀನಿ’ ಎಂದು ಅವನು ಬರೆದಿದ್ದ. ಅಪ್ಪನಿಗೆ ಗೊತ್ತಾದರೆ ಕಾಲೇಜು ಬಿಡಿಸುತ್ತಾರೆ ಎಂದು ಅವಳು ಬಾಯಿ ಬಿಟ್ಟಿರಲಿಲ್ಲ. ಚಿಕ್ಕಮ್ಮನ ನೋಟ್‌ಬುಕ್ ನೋಡಿ ಆ ಅಧಿಕಾರಿ ‘ಇದನ್ನ ಬರೆದವರು ಯಾರು?’ ಎಂದು ಕೇಳಿ, ಎದ್ದು ಹೋಗಿ ಜೆರಾಕ್ಸ್ ಮಾಡಿಸಿಕೊಂಡು ಬಂದರು. ತನಿಖೆ ಅವಳು ಕೊಟ್ಟ ಆ ಸುಳಿವಿನ ಹಿಂದೆಯೇ ಹೋಯಿತು. ಪ್ರಕರಣ ಇನ್ನೂ ನಡೆಯುತ್ತಿರುವುದರಿಂದ ಇದಕ್ಕಿಂತ ಹೆಚ್ಚು ಬರೆಯುವುದಿಲ್ಲ.

ನಾನು ಇಷ್ಟುದ್ದ ಬರೆಯುತ್ತಿರುವುದು ಈ ಒಂದು ವಿಷಯಕ್ಕೆ. ಮೊದಲ ಠಾಣೆಯವರೂ ಅದೇ ಹುಡುಗಿಯನ್ನು ಎದುರಿಗೆ ಕೂರಿಸಿಕೊಂಡಿದ್ದರು. ಅದೇ ಸುಳಿವು ಆಗಲೂ ಅವಳ ಹತ್ತಿರ ಇತ್ತು. ‘ಫೋಟೊ ಯಾಕೆ ಹಾಕಿದ್ದೆ’ ಎಂದ ಕೂಡಲೇ ಅವಳು ಅದನ್ನು ನುಂಗಿಕೊಂಡಳು. ನೀವು ಮೃದುವಾಗಿ ಮಾತಾಡಿ ಎಂದು ನಾನು ಕೇಳುವುದು ಬರೀ ಅವಳ ಮನಸ್ಸು ನೋಯದಿರಲಿ ಎಂದಲ್ಲ. ಆ ಪ್ರಶ್ನೆ ನಿಮ್ಮ ಕೇಸನ್ನೇ ಹಾಳು ಮಾಡುತ್ತದೆ.

ಹುಡುಗರ ವಿಷಯವನ್ನೂ ಇಲ್ಲೇ ಹೇಳಬೇಕು. ಅವರು ಇನ್ನೂ ಕಷ್ಟದಲ್ಲಿದ್ದಾರೆ ಎಂದು ನನಗನ್ನಿಸುತ್ತದೆ, ಯಾಕೆಂದರೆ ಅವರು ಹೇಳುವುದೇ ಇಲ್ಲ. ತೊದಲುವ ಹುಡುಗನೊಬ್ಬ ಸೆಮಿನಾರಿನಲ್ಲಿ ಮಾತಾಡಿದ್ದನ್ನು ಯಾರೋ ರೆಕಾರ್ಡ್ ಮಾಡಿ ವಾಟ್ಸ್‌ಆ್ಯಪ್ ಸ್ಟಿಕ್ಕರ್ ಮಾಡಿದರು. ಮೂರು ಸೆಕ್ಷನ್ನಿನ ಗ್ರೂಪುಗಳಲ್ಲೂ ಅದು ಓಡಾಡಿತು. ಆ ಹುಡುಗ ಒಂದು ವರ್ಷ ಹಾಜರಿ ಕೂಗಿದರೂ ಬಾಯಿ ಬಿಡದೆ ಕೈ ಎತ್ತುತ್ತಿದ್ದ. ಇದಕ್ಕೆ ಕೇಸು ಹಾಕಬೇಕಿರಲಿಲ್ಲ. ನಮ್ಮ ಕಾಲೇಜಿನವರು ನೋಡಿಕೊಳ್ಳಬೇಕಿತ್ತು. ನಾವು ತಡ ಮಾಡಿದೆವು. ಆ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈಗ ನಮ್ಮಲ್ಲಿ ಇಂಥದ್ದು ಕಂಡರೆ ಅದೇ ದಿನ ಗ್ರೂಪ್ ಅಡ್ಮಿನ್‌ಗಳನ್ನು ಕರೆಸುತ್ತೇವೆ, ಅಪ್ಪ ಅಮ್ಮಂದಿರ ಮುಂದೆಯೇ ಅಳಿಸುತ್ತೇವೆ. ಅಳಿಸುವ ಮುಂಚೆ ಒಂದು ಪ್ರತಿ ಪ್ರಿನ್ಸಿಪಾಲರ ಹತ್ತಿರ ಉಳಿಯುತ್ತದೆ.

ಮಾಡಿದವನೂ ಒಮ್ಮೊಮ್ಮೆ 16, 17ರ ಹುಡುಗನೇ ಆಗಿರುತ್ತಾನೆ. ‘ಅವನ ಭವಿಷ್ಯ ಹಾಳಾಗುತ್ತೆ, ಬಿಟ್ಟುಬಿಡಿ’ ಎಂದು ಆಗ ನೀವು ಹೇಳುತ್ತೀರಿ, ನಮ್ಮ ಊರಿನ ಹಿರಿಯರೂ ಹೇಳುತ್ತಾರೆ. ಅವನ ವಿಷಯ ಬಾಲನ್ಯಾಯ ಮಂಡಳಿಗೆ ಹೋಗುತ್ತದೆ. ಅಲ್ಲಿ ತಿದ್ದುವ ದಾರಿಗಳಿವೆ. ಅವನನ್ನು ತಿದ್ದಲಿ ಎಂದೇ ನಾನೂ ಬಯಸುತ್ತೇನೆ. ಏನೂ ಆಗಿಲ್ಲ ಅನ್ನುವ ಹಾಗೆ ಬಿಟ್ಟರೆ ಅವನು ತಿದ್ದಿಕೊಳ್ಳುವುದಾದರೂ ಹೇಗೆ?

ಇನ್ನು, ನನ್ನ ಹತ್ತಿರ ಬರುವ ಮಕ್ಕಳಿಗೆ ನಾನು ಏನು ಹೇಳುತ್ತೇನೆ ಎಂದು ನಿಮಗೂ ಹೇಳುತ್ತೇನೆ. ನಿಮ್ಮ ಬಾಯಿಂದ ಬಂದರೆ ಇದಕ್ಕೆ ಬೆಲೆ ಜಾಸ್ತಿ. ಉತ್ತರ ಕೊಡಬೇಡ ಅನ್ನುತ್ತೇನೆ. ಬ್ಲಾಕ್ ಮಾಡುವ ಮುಂಚೆ ಸ್ಕ್ರೀನ್‌ಶಾಟ್ ತೆಗಿ, ದಿನ ಮತ್ತು ಹೊತ್ತು ಕಾಣುವ ಹಾಗೆ ತೆಗಿ, ಖಾತೆಯ ಕೊಂಡಿಯನ್ನು ಬೇರೆ ಕಡೆ ಬರೆದಿಟ್ಟುಕೋ ಅನ್ನುತ್ತೇನೆ. ಖಾತೆಯ ಹೆಸರನ್ನು ಅವರು ಗಳಿಗೆಗೊಂದು ಸಲ ಬದಲಾಯಿಸುತ್ತಾರೆ, ಅದಕ್ಕೇ ಬೇಗ ಮಾಡು ಅನ್ನುತ್ತೇನೆ. 18 ತುಂಬದವರ ಬೆತ್ತಲೆ ಚಿತ್ರವಿದ್ದರೆ ಮಾತ್ರ ಸಾಕ್ಷಿಗೆಂದೂ ಅದನ್ನು ಯಾರಿಗೂ ಕಳಿಸಬಾರದು, ಅದನ್ನು ಹಂಚುವುದೇ ಅಪರಾಧ. ಖಾತೆ, ನಂಬರ್, ಬೆದರಿಕೆಯ ಮೆಸೇಜ್ ಇದ್ದರೆ ಸಾಕು. ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡ ಅನ್ನುತ್ತೇನೆ. ಕೊಟ್ಟವರಿಗೆ ಮತ್ತೆ ಕರೆ ಬಂದೇ ಬರುತ್ತದೆ.

ಬೆತ್ತಲೆ ಚಿತ್ರ ಹರಡದಂತೆ ತಡೆಯಲು ಇಂಟರ್ನೆಟ್ಟಿನಲ್ಲಿ ಎರಡು ಉಚಿತ ಸೌಲಭ್ಯಗಳಿವೆ. ದೊಡ್ಡವರಿಗೆ ಸ್ಟಾಪ್‌ಎನ್‌ಸಿಐಐ, 18ರೊಳಗಿನವರಿಗೆ ಟೇಕ್ ಇಟ್ ಡೌನ್. ಇದರಲ್ಲಿ ಚಿತ್ರ ನಮ್ಮ ಫೋನ್ ಬಿಟ್ಟು ಎಲ್ಲೂ ಹೋಗುವುದಿಲ್ಲ. ಬೆರಳಚ್ಚಿನ ಹಾಗೆ ಚಿತ್ರದ ಒಂದು ಗುರುತು ಮಾತ್ರ ಹೋಗುತ್ತದೆ. ಜೊತೆ ಸೇರಿರುವ ಜಾಲತಾಣಗಳು ಆ ಗುರುತಿನಿಂದ ಚಿತ್ರವನ್ನು ಹಿಡಿದು ತಡೆಯುತ್ತವೆ. ಕೇಂದ್ರದ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್ ತಾಣದಲ್ಲಿ ಹೆಂಗಸರು, ಮಕ್ಕಳ ದೂರಿಗೆ ಬೇರೆ ವಿಭಾಗವೇ ಇದೆ. ಮಕ್ಕಳಿಗೆ 1098 ಸಹಾಯವಾಣಿ ಇದೆ. ದುಡ್ಡು ಹೋಗಿದ್ದರೆ 1930. ಇಂಥ ಫಲಕವೊಂದನ್ನು ಪ್ರತಿ ಠಾಣೆಯ ಗೋಡೆಗೆ ಕನ್ನಡದಲ್ಲಿ ಬರೆಸಿ ಹಾಕಲು ಎಷ್ಟು ಖರ್ಚಾಗುತ್ತದೆ?

ಎಲ್ಲಕ್ಕಿಂತ ಮೊದಲು ಆ ಮಕ್ಕಳಿಗೆ ಒಂದು ಮಾತು ಹೇಳುತ್ತೇನೆ. ಆ ಮೆಸೇಜುಗಳನ್ನು ನೀನು ಓದಬೇಡ, ಓದುವ ಕೆಲಸ ಬೇರೆ ಯಾರಿಗಾದರೂ ಕೊಡು. ಬೈಸಿಕೊಂಡ ಮಕ್ಕಳು ರಾತ್ರಿ ಎರಡು ಗಂಟೆಗೆ ಎದ್ದು ಅದನ್ನೇ ಮತ್ತೆ ಮತ್ತೆ ಓದುತ್ತಿರುತ್ತಾರೆ. ಹೊಸದೇನಾದರೂ ಬಂತಾ ಎಂದು ನೋಡುತ್ತಾರೆ. ಗಿರಣಿಯವರ ಮಗಳು ನಿದ್ದೆ ಮಾಡಲು ಶುರು ಮಾಡಿದ್ದು ಫೋನ್ ಚಿಕ್ಕಮ್ಮನ ಕೈಗೆ ಹೋದ ಮೇಲೆ. ಊಟ ಬಿಟ್ಟಿದ್ದರೆ, ಬದುಕಬಾರದು ಅನ್ನುವ ಮಾತು ಬಂದರೆ, 14416ಕ್ಕೆ ಕರೆ ಮಾಡಿಸುತ್ತೇನೆ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಇರುತ್ತದೆ. ಒಬ್ಬ ಹುಡುಗಿಯ ಪಕ್ಕ ಕೂತು ನಾನೇ ಡಯಲ್ ಮಾಡಿ ಕೊಟ್ಟಿದ್ದೇನೆ.

ನಾಳೆ ಬೆಳಿಗ್ಗೆ ನಾನು ಇನ್ನೊಬ್ಬ ಹುಡುಗನ ಜೊತೆ ಠಾಣೆಗೆ ಬರುತ್ತಿದ್ದೇನೆ. ಅವನಿಗೆ 16. ಗೊತ್ತಿಲ್ಲದ ಹುಡುಗಿಯೊಬ್ಬಳ ಹೆಸರಿನಲ್ಲಿ ವಿಡಿಯೊ ಕಾಲ್ ಬಂತು. ಅದನ್ನು ರೆಕಾರ್ಡ್ ಮಾಡಿಕೊಂಡವರು ಈಗ ದುಡ್ಡು ಕೇಳುತ್ತಿದ್ದಾರೆ. ಇಂಥದ್ದು ಗೊತ್ತಾದ ಮೇಲೆ ತಿಳಿಸದೆ ಇದ್ದರೆ, ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಡಿ ನಾನೇ ತಪ್ಪಿತಸ್ಥಳಾಗುತ್ತೇನೆ. ಅದೇ ಕಾಯ್ದೆ, ಮಗುವಿನ ಹೇಳಿಕೆಯನ್ನು ಅವನ ಮನೆಯಲ್ಲಿ ಅಥವಾ ಅವನು ಹೇಳಿದ ಜಾಗದಲ್ಲಿ, ಸಮವಸ್ತ್ರ ತೊಡದೆ ಪಡೆಯಬೇಕು ಎಂದು ನಿಮಗೂ ಹೇಳುತ್ತದೆ. ಅವನು ಇವತ್ತು ಸಂಜೆ ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿದ್ದಾನೆ. ಮೂರು ಸಲ ಹರಿದು ಮತ್ತೆ ಬರೆದ. ಅಪ್ಪನಿಗೆ ನಾನೇ ಫೋನ್ ಮಾಡಿ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, ‘ಅವನನ್ನ ಠಾಣೇಲಿ ಬೈತಾರಾ ಮೇಡಂ?’ ಎಂದು ಕೇಳಿದರು.

ಬೈಯುವುದಿಲ್ಲ ಎಂದು ಹೇಳಿದ್ದೇನೆ. ಹತ್ತೂವರೆಗೆ ಬರುತ್ತೇವೆ.

ನಿಮ್ಮ ವಿಶ್ವಾಸಿ,
ಒಬ್ಬ ಪಿಯು ಉಪನ್ಯಾಸಕಿ